ತಲೆಯ ಹಿಂದಿನ ಕೈ

ಮಡಚಬಾರದು ಎಂದಿದ್ದ ಕಾಂತರಾಜ್. ಹಾಗಾಗಿ ಉಮಾಮಹೇಶ್ವರಿ ಕವರನ್ನು ಎದೆಗೊತ್ತಿಕೊಂಡು ಭದ್ರಾವತಿಯಿಂದ ಶಿವಮೊಗ್ಗದವರೆಗೂ ನಿಂತೇ ಬಂದಳು, ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ. ಅವಳಿಗೆ ನಲವತ್ತೊಂದು.

ಬಸ್ಸಿನಲ್ಲಿ ಯಾರೋ ಎದ್ದು ಜಾಗ ಬಿಟ್ಟುಕೊಟ್ಟಿದ್ದರು. ಆ ಇಕ್ಕಟ್ಟಿನಲ್ಲಿ ಕೂತರೆ ಕವರು ಬಾಗುತ್ತದೆ ಎನ್ನಲು ನಾಚಿಕೆಯಾಗಿ, ಮುಂದಿನ ಸ್ಟಾಪಿನಲ್ಲೇ ಇಳೀತೀನಿ ಎಂದು ಸುಳ್ಳು ಹೇಳಿದಳು. ಮುಂದಿನ ಸ್ಟಾಪು ಬಂತು, ಹೋಯಿತು. ಜಾಗ ಕೊಟ್ಟವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಅದೂ ಒಂದು ಉಪಕಾರವೇ.

ಕವರಿನೊಳಗೆ, ಎರಡು ರಟ್ಟುಗಳ ನಡುವೆ, ಅವಳ ತಮ್ಮ ವೀರೇಂದ್ರನ ಫೋಟೋ ಇತ್ತು. ಅವಳಿನ್ನೂ ನೋಡಿರಲಿಲ್ಲ. ಬೆಳಿಗ್ಗೆ ಸ್ಟುಡಿಯೋ ಬಾಗಿಲಲ್ಲಿ ಕಾಂತರಾಜ್ ಕವರಿಗೆ ಅಂಟು ಹಚ್ಚಿ, ಮೇಲೆ ದಾರ ಸುತ್ತಿಯೇ ಕೈಗೆ ಕೊಟ್ಟಿದ್ದ. 'ಎರಡು ದಿನ ಕೂತು ಮಾಡಿದೀನಿ ಉಮಕ್ಕ. ನಿಮ್ಮಪ್ಪ ಮೇಷ್ಟ್ರು ನಂಗೆ ಅಕ್ಷರ ಕಲಿಸಿದೋರು' ಎಂದಿದ್ದ. ಬಸ್ಸು ಹಾರನ್ ಹೊಡೆಯುತ್ತಿತ್ತು.

ವೀರೇಂದ್ರನಿಗೆ ಹದಿನೈದನೆಯ ವಯಸ್ಸಿನಲ್ಲಿ ಸ್ನಾಯುಗಳು ಕರಗತೊಡಗಿದ್ದವು. ಈಗ ಮೂವತ್ತಾರು. ಕೈಗಳು ಮುರುಟಿಕೊಂಡಿವೆ, ಕತ್ತು ನಿಲ್ಲುವುದಿಲ್ಲ. ನಾಲಗೆ ಮಾತ್ರ ಚೆನ್ನಾಗಿದೆ. ಅಪ್ಪ ಷಡಕ್ಷರಪ್ಪನವರ ಪಿಂಚಣಿ ಅವರ ನಂತರ ಅಮ್ಮನಿಗೆ ಬರುತ್ತಿತ್ತು. ಹೋದ ವರ್ಷ ಅಮ್ಮನೂ ತೀರಿಕೊಂಡ ಮೇಲೆ ಅದು ದುಡಿಯಲಾಗದ ಮಗನಿಗೆ ಬರಬೇಕು. ದುಡಿಯಲಾರ ಎಂದು ಶಿವಮೊಗ್ಗದ ವೈದ್ಯಕೀಯ ಮಂಡಳಿ ಅವನನ್ನು ಕಣ್ಣಾರೆ ನೋಡಿ ಬರೆದುಕೊಡಬೇಕು. ಬರೆದುಕೊಟ್ಟರೆ ಹಗಲು ಅವನನ್ನು ನೋಡಿಕೊಳ್ಳುವ ಯಲ್ಲಮ್ಮ ಉಳಿಯುತ್ತಾಳೆ, ಉಮಾಮಹೇಶ್ವರಿ ಕಾಲೇಜಿಗೆ ಹೋಗುತ್ತಾಳೆ. ಇಲ್ಲದಿದ್ದರೆ ಯಲ್ಲಮ್ಮನೂ ಇಲ್ಲ, ಕಾಲೇಜೂ ಇಲ್ಲ. ಒಂದು ಕೋಣೆ, ಒಂದು ಮಂಚ, ಇಬ್ಬರು.

ಹೋದ ಸಲ ಅವನನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ಹೊರಟಿದ್ದರು. ರೈಲ್ವೆ ಗೇಟಿನ ಬಳಿ ವ್ಯಾನು ಒಮ್ಮೆ ಎಗರಿತು. ಒಣಪುಳ್ಳೆ ಮುರಿದಂಥ ಸದ್ದು. ತೊಡೆಯ ಮೂಳೆ. ಅವನು ಕೂಗಲಿಲ್ಲ. 'ಅಕ್ಕ, ಏನೋ ಮುರೀತು ನೋಡು' ಎಂದ, ಅಡುಗೆಮನೆಯಲ್ಲಿ ಲೋಟ ಬಿದ್ದ ಹಾಗೆ. ಇನ್ನೊಂದು ಸಲ ಹೀಗೆ ಕುಲುಕಿದರೆ ಕತ್ತೇ ಹೋದೀತು ಎಂದು ಊರಿನ ಡಾಕ್ಟರ್ ಸುಬ್ಬಪ್ಪ ಹೇಳಿದರು.

ಆಮೇಲೆ ಅವಳು ಅರ್ಜಿಗಳನ್ನು ಬರೆದಳು. ಡಾಕ್ಟರೊಬ್ಬರು ಮನೆಗೆ ಬಂದು ನೋಡಬಹುದೇ? ಉತ್ತರವಿಲ್ಲ. ಊರಿನ ಡಾಕ್ಟರ ಪತ್ರ ಸಾಕಾದೀತೇ? ಉತ್ತರವಿಲ್ಲ. ಮೂರನೆಯದಕ್ಕೆ ಉತ್ತರ ಬಂತು. ವೈದ್ಯರ ಪತ್ರದ ಜೊತೆಗೆ ಅಂಗವೈಕಲ್ಯ ಸ್ಪಷ್ಟವಾಗಿ ಕಾಣುವ ಪೂರ್ಣಾಕೃತಿಯ ಭಾವಚಿತ್ರ ತಂದರೆ ಪರಿಶೀಲಿಸಲಾಗುವುದು. ಕಡೆಯ ದಿನ ಈ ಬುಧವಾರ.

ಕಾಂತರಾಜ್ ಕ್ಯಾಮೆರಾ ಹೊತ್ತು ಮನೆಗೇ ಬಂದಿದ್ದ. ಫೋಟೋ ಆಫೀಸಿಗೆ ಬೇಕು ಎಂದಷ್ಟೇ ಅವನಿಗೆ ಗೊತ್ತಿತ್ತು. ವೀರೇಂದ್ರನನ್ನು ಪಂಚೆಯಿಂದ ಕುರ್ಚಿಗೆ ಕಟ್ಟಿ ಕೂರಿಸಿದರು. ಉಮಾಮಹೇಶ್ವರಿ ಕುರ್ಚಿಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಕೈಯೆತ್ತಿ, ಬೀಳುವ ತಲೆಯನ್ನು ಹಿಡಿದುಕೊಂಡಳು.

'ನನ್ನ ತಲೆ ಹಿಡ್ಕೊಳ್ಳೋಕೆ ನಿಂಗೆ ಎಂ.ಎ. ಯಾಕೆ ಬೇಕಿತ್ತು ಮಾರಾಯ್ತಿ?' ಎಂದ ವೀರೇಂದ್ರ.

ಕಾಂತರಾಜ್ ನಕ್ಕ. ಅವಳೂ ನಕ್ಕಳು. ಕುರ್ಚಿಯ ಹಿಂದೆ ಯಾರಿಗೂ ಕಾಣದ ಜಾಗದಲ್ಲಿ ತನ್ನ ಮುಖ ನಿಜಕ್ಕೂ ನಗುತ್ತಿದೆಯೇ ಎಂಬುದು ಅವಳಿಗೇ ಗೊತ್ತಾಗಲಿಲ್ಲ.

ಮಂಡಳಿಯ ಕೋಣೆಯ ಹೊರಗೆ ಬೆಂಚುಗಳು ತುಂಬಿದ್ದವು. ಗುಮಾಸ್ತ ನಾಗಯ್ಯ ತನ್ನ ಸ್ಟೂಲನ್ನೇ ಅವಳ ಕಡೆ ತಳ್ಳಿ, ತನ್ನ ಬಾಟಲಿಯ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟ.

'ಮೇಡಂ ಕಾಲೇಜಲ್ಲಿ ಏನು ಪಾಠ ಮಾಡ್ತೀರಿ?'

'ತರ್ಕಶಾಸ್ತ್ರ.'

'ಕಷ್ಟ ಅಂತಾರೆ.'

'ಕಾಲೇಜಿನಲ್ಲಿ ಸುಲಭ.'

ನಾಗಯ್ಯ ನಕ್ಕು, ಅವಳ ಕಾಗದಗಳನ್ನು ಅಟ್ಟಿಯ ಮೇಲುಗಡೆಗೆ ಸೇರಿಸಿದ.

ಅಧ್ಯಕ್ಷರು ವಯಸ್ಸಾದ ಡಾಕ್ಟರು. ದಾರವನ್ನು ಕಿತ್ತೆಳೆಯದೆ ಕತ್ತರಿಯಿಂದ ಮೆಲ್ಲಗೆ ಕತ್ತರಿಸಿದರು. ಸುಬ್ಬಪ್ಪನವರ ಪತ್ರವನ್ನು ಪೂರ್ತಿ ಓದಿದರು. ಆಮೇಲೆ ಫೋಟೋ ತೆಗೆದು ಬೆಳಕಿಗೆ ಹಿಡಿದರು.

'ಚೆನ್ನಾಗಿದಾರಲ್ಲಮ್ಮ' ಎಂದರು.

ಅವಳು ಬಗ್ಗಿ ನೋಡಿದಳು.

ಕುರ್ಚಿಯ ಮೇಲೆ ಒಬ್ಬ ಗಂಡಸು ಕೂತಿದ್ದ. ಕತ್ತು ನೆಟ್ಟಗಿತ್ತು. ಜೋತ ತುಟಿ ಸಮನಾಗಿತ್ತು. ಮುರುಟಿದ ಬೆರಳುಗಳ ಮೇಲೆ ಒಂದು ಪುಸ್ತಕ ಬಂದಿತ್ತು. ಕಟ್ಟಿದ್ದ ಪಂಚೆ ಶಲ್ಯವಾಗಿ ಹೆಗಲೇರಿತ್ತು. ಇಪ್ಪತ್ತು ವರ್ಷದಿಂದ ಮದುವೆಯ ಫೋಟೋಗಳಲ್ಲಿ ಮೆಳ್ಳೆಗಣ್ಣು ತಿದ್ದಿ, ಮೊಡವೆ ಅಳಿಸಿ ಪಳಗಿದ ಕೈ ಕಾಂತರಾಜನದು. ಅವನಿಂದಾದದ್ದನ್ನೆಲ್ಲ ಅವನು ಮಾಡಿದ್ದ. ತಲೆಯ ಹಿಂದೆ ಅವಳ ಕೈ ಇರಬೇಕಾದಲ್ಲಿ ತಿಳಿಬೂದು ಬಣ್ಣದ ಗೋಡೆ ಇತ್ತು.

ಅವಳ ಕೈಯಿಲ್ಲದೆ ಅವನೆಷ್ಟು ಆರಾಮವಾಗಿ ಕೂತಿದ್ದ. ಇವನೊಬ್ಬ ಎಲ್ಲೋ ಇದ್ದಿದ್ದರೆ, ಎಂದುಕೊಂಡಳು. ಇದ್ದಿದ್ದರೆ ತಾನೂ ಎಲ್ಲೋ ಇರುತ್ತಿದ್ದೆ. ಎಲ್ಲಿ ಎಂದು ಕೇಳಿಕೊಂಡರೆ ಅಲ್ಲೂ ತಿಳಿಬೂದು ಗೋಡೆಯೇ ಕಂಡಿತು.

'ಇದನ್ನ ತಿದ್ದಿದಾರೆ ಸಾರ್.'

'ಯಾರು?'

'ಫೋಟೋದವರು. ಒಳ್ಳೇದಕ್ಕೇ ಮಾಡಿದಾರೆ.'

'ಪತ್ರದಲ್ಲಿ ಕತ್ತು ನಿಲ್ಲಲ್ಲ ಅಂತಿದೆ. ಇಲ್ಲಿ ನಿಂತಿದೆ.' ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. 'ಫೋಟೋ ನಿಜ ಅಂದ್ರೆ ನಿಮ್ಮ ತಮ್ಮನಿಗೆ ಏನೂ ಆಗಿಲ್ಲ. ಸುಳ್ಳು ಅಂದ್ರೆ ಸುಳ್ಳು ದಾಖಲೆ ಕೊಟ್ಟಿದೀರಿ ಅಂತ ಬರೀಬೇಕು. ಯಾವುದು ಬರೀಲಿ, ನೀವೇ ಹೇಳಿ.'

ಉಭಯತಃಪಾಶ. ಪ್ರತಿ ಆಗಸ್ಟಿನಲ್ಲಿ ಕರಿಹಲಗೆಯ ಮೇಲೆ ಎರಡು ಬಾಣ ಬರೆದು ಅವಳೇ ಹೇಳಿಕೊಡುತ್ತಿದ್ದಳು. ತಪ್ಪಿಸಿಕೊಳ್ಳುವ ಮೂರು ದಾರಿಗಳನ್ನೂ ಹೇಳಿಕೊಡುತ್ತಿದ್ದಳು. ಈಗ ಒಂದೂ ನೆನಪಾಗಲಿಲ್ಲ.

'ಏನೂ ಬರೀಬೇಡಿ ಸಾರ್' ಎಂದಳು.

'ಬರೆಯಲ್ಲ. ಕಡತ ಇನ್ನೊಂದು ವಾರ ತಡೆದಿಡ್ತೀನಿ. ಇನ್ನು ಹೊಸ ಫೋಟೋ ತಂದ್ರೂ ಮಂಡಳಿ ಒಪ್ಪಲ್ಲ, ಮುಂದಿನ ಬುಧವಾರ ಅವರನ್ನೇ ಕರ್ಕೊಂಡು ಬನ್ನಿ. ನೋಡಿದ್ರೆ ನಿಮಿಷದ ಕೆಲಸ.'

'ಕರ್ಕೊಂಡು ಬರೋಕಾಗಲ್ಲ ಅಂತಲೇ ಸಾರ್ ಅರ್ಜಿ.'

'ಗೊತ್ತಮ್ಮ. ಮನೆಗೆ ಬಂದು ನೋಡೋದಕ್ಕೆ ನಮಗೆ ಅಧಿಕಾರ ಇಲ್ಲ.' ಫೋಟೋವನ್ನು ಕವರಿಗೆ ಹಾಕಿ ಅವಳಿಗೆ ಮರಳಿಸಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. 'ಒಂದು ಮಾಡ್ತೀನಿ. ಅವರನ್ನ ಮೆಟ್ಟಿಲು ಹತ್ತಿಸಬೇಡಿ. ನಾನೇ ಗೇಟಿನ ಹತ್ರ ಬಂದು ಗಾಡೀಲೇ ನೋಡ್ತೀನಿ.'

ಅವರು ನಿಜವಾಗಿಯೂ ಬರುವವರೇ. ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆ ಗೇಟಿಗೂ ಮೊದಲು ರೈಲ್ವೆ ಗೇಟಿತ್ತು.

ಹೊರಗೆ ಟೆಲಿಫೋನ್ ಬೂತಿನಿಂದ ಸ್ಟುಡಿಯೋಗೆ ಫೋನು ಮಾಡಿದಳು.

'ಕಾಂತರಾಜ್, ನೆಗೆಟಿವ್ ಇದೆಯಾ?'

'ಅದರ ಮೇಲೇ ಅಲ್ವಾ ಉಮಕ್ಕ ಕೆಲಸ ಮಾಡಿದ್ದು. ಚೆನ್ನಾಗಿ ಬಂತಾ?'

ಗಾಜಿನಾಚೆ ಕಬ್ಬಿನ ಹಾಲಿನವನು ಒಂದೇ ಕಬ್ಬನ್ನು ಮಡಚಿ ಮಡಚಿ ಯಂತ್ರಕ್ಕೆ ಕೊಡುತ್ತಿದ್ದ.

'ಹಲೋ, ಉಮಕ್ಕ? ಆಫೀಸರು ಏನಂದ್ರು?'

'ಚೆನ್ನಾಗಿದಾರೆ ಅಂದ್ರು.'

'ನೋಡಿ ಮತ್ತೆ. ಅಮ್ಮ ಇದ್ದಿದ್ರೆ ಗೋಡೆಗೆ ಹಾಕಿಸ್ತಿದ್ರು. ಹಾರ ಬೀಳೋಕೆ ಮುಂಚೆ ಅಂಥದ್ದೊಂದು ಫೋಟೋ ಇರಬೇಕು ಮನುಷ್ಯನಿಗೆ, ಅಲ್ವಾ?'

'ಹೌದು' ಎಂದು ಫೋನಿಟ್ಟಳು.

ಯಲ್ಲಮ್ಮ ನಾಲ್ಕರವರೆಗೆ ಮಾತ್ರ ಇರುತ್ತೇನೆ ಎಂದಿದ್ದಳು. 'ನಾಲ್ಕಕ್ಕೆ ನಮ್ಮ ಮಗಳು ಮಗೂನ ಕರ್ಕೊಂಡು ಆಸ್ಪತ್ರೆಗೆ ಹೊರಡ್ತಾಳೆ ಉಮಮ್ಮ, ಜೊತೆಗೆ ನಾನು ಹೋಗ್ಲೇಬೇಕು. ತಲೆದಿಂಬು ಎರಡೂ ಕಡೆ ಒತ್ತಿ ಕೊಟ್ಟು ಹೋಗ್ತೀನಿ.' ದಿಂಬು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅರ್ಧ ಗಂಟೆ. ಆಮೇಲೆ ತಲೆ ಜಾರುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ.

ಚಿಕ್ಕಮಗಳೂರಿನ ಬಸ್ಸು ಸಿಕ್ಕಿತು. ಭದ್ರಾವತಿಯ ಮೇಲೆ ಹೋಗುವಂಥದ್ದು. ಮೂರೂವರೆ. ಈ ಸಲ ಕೂತಳು. ಕವರು ತೊಡೆಯ ಮೇಲೆ ಬಾಗಿ ಕೂತಿತು. ಪಕ್ಕದಲ್ಲಿ ಒಬ್ಬ ಹೆಂಗಸು. ಕೆಲಸ ಮುಗಿಸಿ ಬಂದವಳಿರಬೇಕು, ಉಗುರಿನ ಸಂದಿಯಲ್ಲಿ ಸುಣ್ಣ ಒಣಗಿತ್ತು. ಊರು ದಾಟುವ ಮೊದಲೇ ಆ ಹೆಂಗಸಿಗೆ ನಿದ್ದೆ ಹತ್ತಿತು.

ಹೆಂಗಸಿನ ತಲೆ ಮುಂದಕ್ಕೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ಮುಂದಿನ ಸೀಟಿನ ಕಬ್ಬಿಣಕ್ಕೆ ಹಣೆ ತಾಗುವಷ್ಟರಲ್ಲಿ ಉಮಾಮಹೇಶ್ವರಿಯ ಕೈ ಮೇಲೆದ್ದು ಆ ತಲೆಯನ್ನು ಹಿಡಿಯಿತು. ತಾನು ಹಿಡಿದೆ ಎಂದು ಅವಳಿಗನ್ನಿಸಲಿಲ್ಲ. ಕೈ ಹಿಡಿದಿತ್ತು. ಹಿಂದಕ್ಕೆ ತಂದು, ಕತ್ತಿನ ಹಿಂದೆ ಅಂಗೈ ಕೊಟ್ಟು, ನಿಲ್ಲಿಸಿತ್ತು. ತೂಕ ಅದೇ. ಎಲ್ಲ ತಲೆಗಳ ತೂಕವೂ ಒಂದೇ ಇರಬೇಕು.

ಹೆಂಗಸು ನಿದ್ದೆಯಲ್ಲೇ ಒಂದು ದೀರ್ಘ ಉಸಿರು ಬಿಟ್ಟಳು. ಎಷ್ಟು ದಿನದ ದಣಿವೋ.

ಭದ್ರಾವತಿ ಬಂತು. ಕಾರ್ಖಾನೆಯ ಚಿಮಣಿ ಬಂತು, ಸೇತುವೆ ಬಂತು. ಬಸ್‌ಸ್ಟ್ಯಾಂಡಿನ ಗಡಿಯಾರದಲ್ಲಿ ನಾಲ್ಕು ಹತ್ತು.

'ಭದ್ರಾವತಿ ಯಾರು ಇಳಿಯೋರು? ಬೇಗ ಬೇಗ' ಎಂದ ಕಂಡಕ್ಟರ್. ಅವಳನ್ನು ನೋಡಿ, 'ಮೇಡಂ, ನಿಮ್ಮದು ಇಲ್ಲೇ ಅಲ್ವಾ?'

ಕೈ ತೆಗೆದರೆ ಈ ತಲೆ ಬೀಳುತ್ತದೆ. ಅದನ್ನು ಯಾರಿಗಾದರೂ ಹೇಳಬೇಕು ಎನ್ನಿಸಿತು. ಕಂಡಕ್ಟರ್ ಒಳ್ಳೆಯವನ ಹಾಗೆ ಕಂಡ. ಹೇಳಿದರೆ ಕೇಳಿಸಿಕೊಳ್ಳುತ್ತಿದ್ದ, ಬಸ್ಸನ್ನು ಒಂದು ನಿಮಿಷ ಹೆಚ್ಚು ನಿಲ್ಲಿಸುತ್ತಲೂ ಇದ್ದ. ಅವಳು ಬಾಯಿ ತೆರೆದಳು. 'ಮುಂದಿನ ಸ್ಟಾಪಿನಲ್ಲಿ' ಎಂದಳು.

ಸೀಟಿ ಊದಿದ. ಕವರು ಜಾರಿ ಕೆಳಗೆ ಬಿತ್ತು. ಇಳಿಯುವವರಲ್ಲಿ ಒಬ್ಬರು ಅದನ್ನು ತುಳಿಯಬಾರದೆಂದು ಕಾಲೆತ್ತಿ ದಾಟಿದರು.

ಬಸ್ಸು ತರೀಕೆರೆ ರಸ್ತೆಗೆ ತಿರುಗಿತು. ಮುಂದಿನ ಸ್ಟಾಪಿಗೆ ಅರ್ಧ ಗಂಟೆಯ ದಾರಿ. ಡ್ರೈವರನ ಮೇಲಿದ್ದ ಉದ್ದನೆಯ ಕನ್ನಡಿಯಲ್ಲಿ ಇಡೀ ಬಸ್ಸು ಕಾಣುತ್ತಿತ್ತು. ಮೂರನೆಯ ಸಾಲಿನಲ್ಲಿ ಆ ಹೆಂಗಸಿನ ತಲೆ ನೆಟ್ಟಗೆ, ನೆಮ್ಮದಿಯಾಗಿ ನಿಂತಿತ್ತು. ಅದರ ಹಿಂದೆ ಯಾವ ಕೈಯೂ ಕಾಣುತ್ತಿರಲಿಲ್ಲ.