ಪದವಿ ಕಡ್ಡಾಯವಲ್ಲ

ಕಾಲೇಜಿನ ವಿದ್ಯಾರ್ಥಿ ಸಂಘದ ಕಚೇರಿಯಲ್ಲಿ ಅರ್ಧ ದಿನದ ಕೆಲಸಕ್ಕಿದ್ದ ಆ ಹುಡುಗಿಯನ್ನು ಎಲ್ಲರೂ ಪುಟ್ಟಿ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವಳು ಜೆರಾಕ್ಸ್ ಅಕ್ಕ. ಕಚೇರಿ ಎಂದರೆ ಮೂರೇ ಕೋಣೆ: ಮುಂದೆ ಕೌಂಟರು, ಅದರ ಹಿಂದೆ ಮ್ಯಾನೇಜರ್ ಮೇಡಂ ಕೂರುವ ಗಾಜಿನ ಗೂಡು, ಮೆಟ್ಟಿಲ ಕೆಳಗೆ ಕಿಟಕಿಯಿಲ್ಲದ ಜೆರಾಕ್ಸ್ ಕೋಣೆ. ಸಂಘದ ಪದಾಧಿಕಾರಿಗಳು ವರ್ಷಕ್ಕೊಮ್ಮೆ ಗೆದ್ದು ಬಂದು, ಗೋಡೆಯ ಬಣ್ಣ ಬದಲಿಸಿ ಹೋಗುತ್ತಿದ್ದರು. ಬಸ್ ಪಾಸು, ಹಾಸ್ಟೆಲ್ ಅರ್ಜಿ, ಪರೀಕ್ಷೆಯ ತಕರಾರು ಎಲ್ಲ ಈ ಮೂರು ಕೋಣೆಯವರ ತಲೆಯ ಮೇಲೆ.

ಅಕ್ಕನ ತಾಯಿ ಗಡಿಯಾಚೆಯವರು. ಅಲ್ಲಿಂದ ಓದಲು ಬರುವ ಮಕ್ಕಳು ಹೆಚ್ಚಾಗಿ, ಕೌಂಟರಿನ ಮುಂದೆ ನಿಂತು ಕೈಸನ್ನೆ ಬಾಯಿಸನ್ನೆ ಮಾಡತೊಡಗಿದಾಗ ಪುಟ್ಟಿಗೆ ಆ ಭಾಷೆ ಕಲಿಯಬೇಕೆನಿಸಿತು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಅಕ್ಕ ಕಾಗದದ ಬಂಡಲಿನ ಮೇಲೆ ಕೂತು ಮಾತು ಕಲಿಸುತ್ತಿದ್ದಳು. ಪುಸ್ತಕವಿಲ್ಲ, ವ್ಯಾಕರಣವಿಲ್ಲ. ಅಮ್ಮ ಬೈಯುತ್ತಿದ್ದದ್ದು, ಅಜ್ಜಿ ಮುದ್ದು ಮಾಡುತ್ತಿದ್ದದ್ದು, ಅವೇ ಪಾಠ. ನೀನು ಈ ಭಾಷೆಯಲ್ಲಿ ಜಗಳ ಆಡೋಕೆ ಕಲಿತ ದಿನ ನಿನ್ನ ಪಾಸು ಮಾಡ್ತೀನಿ ಎಂದು ಅಕ್ಕ ನಗುತ್ತಿದ್ದಳು. ಒಂದೂವರೆ ವರ್ಷದಲ್ಲಿ ಪುಟ್ಟಿ ಜಗಳದ ಹತ್ತಿರ ಹತ್ತಿರ ಬಂದಿದ್ದಳು.

ಪುಟ್ಟಿಯದು ಕೊನೆಯ ವರ್ಷ. ಓದು ಮುಗಿದ ದಿನವೇ ವಿದ್ಯಾರ್ಥಿಗಳಿಗೆಂದು ಇಟ್ಟ ಅರ್ಧ ದಿನದ ಕೆಲಸವೂ ಮುಗಿಯುತ್ತದೆ. ಮನೆಯಲ್ಲಿ ಹೊಲಿಗೆ ಯಂತ್ರ ತುಳಿದು ತುಳಿದು ಅಮ್ಮನ ಮಂಡಿ ಹೋಗಿತ್ತು; ಮಗಳಿಗೊಂದು ಕೆಲಸ ಸಿಕ್ಕರೆ ಸಾಕು ಎಂದು ಕಾಯುತ್ತಿದ್ದಳು. ಆ ಹೊತ್ತಿಗೆ ಸಂಘ ತನ್ನ ನೌಕರರಿಗಾಗಿ ಒಂದು ಹೊಸ ಹುದ್ದೆ ತೆರೆಯಿತು. ಗಡಿಯಾಚೆಯ ಮಕ್ಕಳಿಗೆ ಭಾಷಾ ಸಹಾಯಕಿ. ಕಾಯಂ ಕೆಲಸ, ಓದು ಮುಗಿದ ಮೇಲೂ ಮುಂದುವರಿಯುವಂಥದ್ದು.

ಆ ಪ್ರಕಟಣೆಯ ನಲವತ್ತು ಪ್ರತಿ ತೆಗೆದವಳು ಅಕ್ಕನೇ. ಕಚೇರಿಯ ಬರಹ ಅವಳಿಗೆ ನಿಧಾನ. ಅಕ್ಷರ ಕೂಡಿಸಿ ಓದುವುದರೊಳಗೆ ಮುಂದಿನ ಕಟ್ಟು ಬಂದಿರುತ್ತಿತ್ತು. ಆದರೂ ತಲೆಬರಹ ಓದಿಕೊಂಡು ಒಂದು ಪ್ರತಿ ಹಿಡಿದು ಕೌಂಟರಿಗೆ ಬಂದಳು.

"ಪುಟ್ಟಿ, ಇದಕ್ಕೆ ನಮ್ಮಂಥವರು ಹಾಕಬಹುದಾ, ನೋಡು."

ಪುಟ್ಟಿ ಅದಾಗಲೇ ಓದಿಯಾಗಿತ್ತು. ನಾಲ್ಕನೆಯ ಸಾಲು: ಆರು ತಿಂಗಳು ಕೆಲಸ ಮಾಡಿದ ಯಾವುದೇ ನೌಕರರು ಅರ್ಜಿ ಸಲ್ಲಿಸಬಹುದು, ಪದವಿ ಕಡ್ಡಾಯವಲ್ಲ. ಕಾಗದದ ಮೇಲೆ ಕಣ್ಣಾಡಿಸಿದಂತೆ ಮಾಡಿ ಅವಳು ಹೇಳಿದ್ದು ಇಷ್ಟೇ:

"ಡಿಗ್ರಿ ಕೇಳಿದ್ದಾರೆ ಅಕ್ಕ."

"ಹಾಗಾದ್ರೆ ನೀನೇ ಹಾಕು. ನೀನು ಕೂತ್ರೆ ನಾನು ಕೂತ ಹಾಗೇ," ಎಂದು ಅಕ್ಕ ಕಾಗದ ಮಡಚಿಕೊಂಡು ಹೋದಳು.

ಪುಟ್ಟಿ ಅರ್ಜಿ ಹಾಕಿದಳು. ಸಂದರ್ಶನದಲ್ಲಿ ಭಾಷೆ ಎಲ್ಲಿ ಕಲಿತೆ ಎಂದು ಮೇಡಂ ಕೇಳಿದರು. ಅಕ್ಕನ ಹೆಸರೆತ್ತಿದರೆ ಅವಳನ್ನೇ ಕರೆಸಿಯಾರು ಎಂಬ ಅಳುಕಿಗೆ, ಫೋನಿನಲ್ಲಿ ಪಾಠ ಕೇಳಿ ಕಲಿತೆ ಎಂದುಬಿಟ್ಟಳು. ಇಷ್ಟು ಚೆನ್ನಾಗಿಯೇ ಎಂದು ಅವರು ಮೆಚ್ಚಿಕೊಂಡರು. ಕೆಲಸ ಸಿಕ್ಕಿತು. ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. ಪುಟ್ಟಿ ಮಾತ್ರ ಕೆಲಸ ಜಾಸ್ತಿ ಎಂಬ ನೆಪದಲ್ಲಿ ಮಧ್ಯಾಹ್ನ ಮೆಟ್ಟಿಲಿಳಿಯುವುದನ್ನೇ ಬಿಟ್ಟಳು. ಅಕ್ಕ ಒಂದೆರಡು ಸಲ ಮೇಲೆ ಬಂದು ಇಣುಕಿ, ಪಾಪ, ಬಿಡುವಿಲ್ಲ ಎಂದುಕೊಂಡು ವಾಪಸಾದಳು. ಬೈದಿದ್ದರೂ ಪುಟ್ಟಿಗೆ ಇಷ್ಟು ನೋಯುತ್ತಿರಲಿಲ್ಲ.

ಎರಡನೆಯ ತಿಂಗಳು, ಪರೀಕ್ಷೆ ಹತ್ತಿರ ಬಂದಾಗ, ಗಡಿಯಾಚೆಯ ಒಬ್ಬ ಹುಡುಗಿ ಪುಟ್ಟಿಯ ಮೇಜಿನ ಮುಂದೆ ನಿಂತಳು. ಮೊದಲ ವರ್ಷದವಳು, ಮೆಲುದನಿ. ನಮ್ಮ ಮನೆ ಬಾಗಿಲು ಮುಚ್ಚಿತು ಎಂದಳು ಅವಳ ಭಾಷೆಯಲ್ಲಿ. ಮನೆಗೆ ಬೀಗ ಹಾಕಿ ಎಲ್ಲರೂ ಎಲ್ಲಿಗೋ ಹೋಗಿದ್ದಾರೆ, ರಜೆಯಲ್ಲಿ ಇವಳಿಗೆ ಇರಲು ಜಾಗವಿಲ್ಲ ಎಂದು ಪುಟ್ಟಿ ಅರ್ಥ ಮಾಡಿಕೊಂಡಳು. ರಜೆಯಲ್ಲೂ ಹಾಸ್ಟೆಲಿನಲ್ಲಿ ಉಳಿಯಲು ಅರ್ಜಿ ಬರೆದು, ಸಹಿ ಹಾಕಿಸಿ, ಎರಡು ದಿನ ಬಿಟ್ಟು ಬಾ ಎಂದು ಕಳಿಸಿದಳು. ಹುಡುಗಿ ಬಿಳಿಚಿದ ಮುಖದಲ್ಲಿ ತಲೆಯಾಡಿಸಿ ಹೋದಳು. ಅರ್ಜಿ ಓದಲು ಬಾರದ ಅವಳು, ಇಲ್ಲಿ ಊರಿಗೆ ಹೋಗಲು ಅನುಮತಿ ಸಿಗುವುದೇ ಹೀಗೆ ಎಂದು ತಿಳಿದಿದ್ದಳು.

ಎರಡು ದಿನ ಬಿಟ್ಟು ಬಂದವಳ ಕೈಗೆ ಮಂಜೂರಾದ ಅರ್ಜಿ ಬಂತು. ಅದರ ಪ್ರತಿ ತೆಗೆಸಲು ಅವಳು ಮೆಟ್ಟಿಲ ಕೆಳಗೆ ಹೋದಳು. ಅಲ್ಲಿ ಅಕ್ಕ ಅವಳದೇ ಭಾಷೆಯಲ್ಲಿ, ಯಾಕಮ್ಮ ಹೀಗಿದ್ದೀಯ, ಎಂದು ಕೇಳಿದ್ದೇ ತಡ, ಹುಡುಗಿ ಯಂತ್ರದ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು.

ಅಕ್ಕ ಅವಳ ಕೈ ಹಿಡಿದುಕೊಂಡೇ ಮೇಲೆ ಬಂದಳು.

"ಪುಟ್ಟಿ, ಈ ಮಗುವಿನ ಅಪ್ಪ ತೀರ್ಕೊಂಡಿದ್ದಾರೆ. ಬಾಗಿಲು ಮುಚ್ಚಿತು ಅಂದ್ರೆ ನಮ್ಮಲ್ಲಿ ಮನೆ ಯಜಮಾನ ಹೋದ ಅಂತ."

ಅಂದು ಮಧ್ಯಾಹ್ನದೊಳಗೆ ಎಲ್ಲ ಆಯಿತು: ರಜೆ ಪತ್ರ, ಪರೀಕ್ಷೆ ಮುಂದೂಡಿಕೆ, ಬಸ್ಸಿನ ಟಿಕೆಟು. ಮೇಡಂ ತಾವೇ ಓಡಾಡಿದರು. ಆದರೆ ಹೋದ ಎರಡು ದಿನ ಹೋದವೇ. ಅಂತ್ಯಕ್ರಿಯೆ ಹಿಂದಿನ ಸಂಜೆಯೇ ಮುಗಿದುಹೋಗಿತ್ತು.

ಹುಡುಗಿಯನ್ನು ಬಸ್ಸು ಹತ್ತಿಸಿ ಬಂದ ಅಕ್ಕ ಪುಟ್ಟಿಯ ಎದುರಿನ ಕುರ್ಚಿಯಲ್ಲಿ ಕುಸಿದು ಕೂತಳು. ತಪ್ಪು ತನ್ನದೇ ಎಂದಳು. ಸಾವಿನ ಮಾತು ಊಟದ ಹೊತ್ತಲ್ಲಿ ಯಾಕೆ ಎಂದು ಅದೊಂದನ್ನು ಮಾತ್ರ ಕಲಿಸಲಿಲ್ಲ, ಕಲಿಸಿದ್ದರೆ ಮಗು ಅಪ್ಪನ ಮುಖ ನೋಡುತ್ತಿತ್ತು, ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಪುಟ್ಟಿ ಮೇಜಿನ ಡ್ರಾಯರಿನಿಂದ ಆ ಪ್ರಕಟಣೆ ತೆಗೆದು, ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಸಂದರ್ಶನದಲ್ಲಿ ಹೇಳಿದ್ದನ್ನೂ ಹೇಳಿದಳು.

ಅಕ್ಕ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು, ಆ ಸಾಲನ್ನು ತಾನೇ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ತುಂಬ ಹೊತ್ತು ಹಿಡಿಯಿತು. ಪುಟ್ಟಿಗೆ ಆ ಹೊತ್ತು ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

"ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ ಅಂತ ಅಂದುಕೋಬೇಡ," ಎಂದಳು ಅಕ್ಕ ಕೊನೆಗೆ. "ಬಿಟ್ಟುಕೊಡ್ತಿರಲಿಲ್ಲ. ನನಗೂ ಆ ಕತ್ತಲೆ ಕೋಣೆ ಸಾಕಾಗಿದೆ."

ಮರುದಿನ ಪುಟ್ಟಿ ಗಾಜಿನ ಗೂಡಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡು ರಾಜೀನಾಮೆ ಇಟ್ಟಳು. ಮೇಡಂ ಅದನ್ನು ಪಕ್ಕಕ್ಕೆ ಸರಿಸಿ, ತಪ್ಪು ಮಾಡಿ ಮನೆಗೆ ಹೋಗುವುದು ಸುಲಭ, ಇಲ್ಲೇ ಇದ್ದು ಎದುರಿಸು, ಎಂದು ಗದರಿದರು. ಅಕ್ಕನನ್ನು ಕರೆಸಿ ಪರೀಕ್ಷೆ ಮಾಡಿದರು. ಮಾತಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅರ್ಜಿ ಬರೆಯುವುದು ಮಾತ್ರ ಬಾರದು. ಹುದ್ದೆ ಅಕ್ಕನದಾಯಿತು. ನೌಕರರ ಕಲಿಕೆಗೆಂದು ಸಂಘ ಕೊಡುವ ದಿನಕ್ಕೊಂದು ತಾಸಿನಲ್ಲಿ ಅವಳು ಬರಹ ಕಲಿಯಬೇಕು, ಅಲ್ಲಿಯವರೆಗೆ ಪಕ್ಕದ ಮೇಜಿನಲ್ಲಿ ಪುಟ್ಟಿ ಬರೆದುಕೊಡಬೇಕು, ಓದು ಮುಗಿದ ಮೇಲೆ ಪುಟ್ಟಿ ಬೇರೆ ಕಡೆ ಕೆಲಸ ಹುಡುಕಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಮನೆಯಲ್ಲಿ ಅಮ್ಮ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಹೋದ ಕೆಲಸಕ್ಕೋ, ಮಾಡಿದ ಕೆಲಸಕ್ಕೋ, ಕೇಳುವ ಧೈರ್ಯ ಪುಟ್ಟಿಗಾಗಲಿಲ್ಲ.

ಬರಹ ನಾನೇ ಹೇಳಿಕೊಡಲೇ ಅಕ್ಕ ಎಂದು ಪುಟ್ಟಿ ಒಂದು ದಿನ ಕೇಳಿದಳು.

"ಬೇಡ. ಕ್ಲಾಸಿಗೇ ಹೋಗ್ತೀನಿ," ಎಂದಳು ಅಕ್ಕ. "ಅಲ್ಲಿ ಬೋರ್ಡಲ್ಲಿ ಇದ್ದದ್ದನ್ನೇ ಓದಿಸ್ತಾರೆ."

ಅದರಲ್ಲಿ ಸಿಟ್ಟಿರಲಿಲ್ಲ. ಅಕ್ಕ ಪುಟ್ಟಿಯನ್ನು ದಿನಾ ಮಾತನಾಡಿಸುತ್ತಿದ್ದಳು, ಅಮ್ಮನ ಮಂಡಿ ಹೇಗಿದೆ ಎಂದು ವಿಚಾರಿಸುತ್ತಿದ್ದಳು. ಎಲ್ಲವೂ ಕಚೇರಿಯ ಭಾಷೆಯಲ್ಲಿ. ತನ್ನ ಅಮ್ಮನ ಭಾಷೆಯಲ್ಲಿ ಮಾತ್ರ ಅವಳೊಂದಿಗೆ ಒಂದು ಮಾತೂ ಆಡಲಿಲ್ಲ.

ಇಪ್ಪತ್ತು ದಿನದ ಮೇಲೆ ಆ ಹುಡುಗಿ ಊರಿಂದ ಬಂದಳು. ಪುಟ್ಟಿ ಎದ್ದು ನಿಂತು, ಮೂರು ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದ ಕ್ಷಮೆಯ ಮಾತನ್ನು ಅವಳ ಭಾಷೆಯಲ್ಲಿ ಹೇಳಿದಳು. ಹುಡುಗಿ ಕೇಳಿಸಿಕೊಂಡು ತಲೆಯಾಡಿಸಿ ಅಕ್ಕನ ಮುಂದೆ ಕೂತಳು. ಇಬ್ಬರೂ ಮಾತಿಗಿಳಿದರು. ಅಪ್ಪನ ಅಂಗಡಿ, ತಮ್ಮನ ಓದು, ಅಮ್ಮ ಊಟ ಬಿಟ್ಟದ್ದು. ಪುಟ್ಟಿಗೆ ಎಲ್ಲ ಅರ್ಥವಾಗುತ್ತಿತ್ತು. ನಡುವೆ ಹುಡುಗಿ ಅಮ್ಮನ ಬಗ್ಗೆ ಏನೋ ಒಂದು ಪದ ಅಂದಳು. ಅಕ್ಕ ಅವಳ ಕೈ ಮೇಲೆ ಕೈಯಿಟ್ಟಳು. ಆ ಪದ ಪುಟ್ಟಿ ಕೇಳಿದ್ದೇ ಇಲ್ಲ. ಮುಂಚಿನ ದಿನಗಳಾಗಿದ್ದರೆ, ಹಾಗಂದ್ರೇನಕ್ಕ ಎಂದು ಆಗಲೇ ಕೇಳಿಯಾಗಿರುತ್ತಿತ್ತು. ಪುಟ್ಟಿ ತಲೆ ತಗ್ಗಿಸಿ ಮುಂದೂಡಿದ ಪರೀಕ್ಷೆಯ ಅರ್ಜಿಯಲ್ಲಿ ಹುಡುಗಿಯ ಹೆಸರು ಬರೆಯತೊಡಗಿದಳು.