ಉಮ್ಮು ಶುಕ್ರಿಯ ಕಾರಿನ ನಾಲ್ಕನೆಯ ಪಂಪು

ಈ ಕಥೆಯನ್ನು ನನಗೆ ಮೊದಲು ಹೇಳಿದವನು ಸಲ್ತ್ ಊರಿನ ಗ್ಯಾರೇಜು ಸಾಲಿನಲ್ಲಿ ಜಜ್ಜಿದ ಕಾರುಗಳ ತಗಡು ಬಡಿದು ನೇರ ಮಾಡುವ ಬಿಶಾರಾ; ಎರಡು ಸಾವಿರದ ಹನ್ನೊಂದನೆಯ ಇಸವಿಯ ಫೆಬ್ರವರಿ ತಿಂಗಳ ಒಂದು ಗುರುವಾರ ಮಧ್ಯಾಹ್ನ. ಅವನ ಅಂಗಡಿಯ ಸೀಮೆಎಣ್ಣೆ ಒಲೆಯ ಸುತ್ತ ನಾವು ಆರು ಜನ ಕುಳಿತಿದ್ದೆವು. ಆಮೇಲೆ ಇದೇ ಕಥೆಯನ್ನು ಮತ್ತಿಬ್ಬರಿಂದ ಕೇಳಿದ್ದೇನೆ. ಒಬ್ಬರ ಕಥೆಯಲ್ಲಿ ಪಂಪುಗಳು ಏಳು. ಇನ್ನೊಬ್ಬರ ಕಥೆಯಲ್ಲಿ ಕಾರಿಗೆ ದೃಷ್ಟಿ ತಗುಲಿತ್ತು. ಬಿಶಾರಾನ ಅಂಗಡಿಗೂ ಮೆಕ್ಯಾನಿಕ್ ಮಿತ್ರಿಯ ಗ್ಯಾರೇಜಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಮಾಡಿ ಹೇಳುವ ಅಭ್ಯಾಸ ಅವನದು. ಆದ್ದರಿಂದ ಇಲ್ಲಿ ಅವನ ಪಾಠವನ್ನೇ ಅನುಸರಿಸಿದ್ದೇನೆ.

ಉಮ್ಮು ಶುಕ್ರಿ, ಅಂದರೆ ಶುಕ್ರಿಯ ತಾಯಿ, ಊರಿನ ಮೇಲಣ ಓಣಿಯವಳು. ಮಗ ಅಕಬಾ ಬಂದರಿನಲ್ಲಿ ಕೆಲಸಕ್ಕಿದ್ದ. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಅವನು ಬಿಟ್ಟುಹೋದ ಎಂಬತ್ತಾರನೆಯ ಇಸವಿಯ ಡೀಸೆಲ್ ಕಾರಿನಲ್ಲಿ ಅವಳು ಎರಡು ಸಾವಿರದ ಎಂಟನೆಯ ಇಸವಿಯ ಸೆಪ್ಟೆಂಬರಿನಿಂದ ಓಣಿಯ ಐದು ಮಕ್ಕಳನ್ನು ಕಣಿವೆಯ ಶಾಲೆಗೆ ಕರೆದೊಯ್ಯುವ ಕೆಲಸ ಹಿಡಿದಿದ್ದಳು. ಅಲ್ಲಿಯವರೆಗೆ ಕಾರಿನ ಸ್ಟೀರಿಂಗ್ ಪಂಪು, ಎಂದರೆ ಚಕ್ರ ತಿರುಗಿಸುವ ಕೈಗೆ ಎಣ್ಣೆಯ ಒತ್ತಡದಿಂದ ಬಲ ಕೊಡುವ ಪಂಪು, ಇಪ್ಪತ್ತೆರಡು ವರ್ಷ ಒಂದು ಮಾತೂ ಆಡದೆ ದುಡಿದಿತ್ತು. ಡಿಸೆಂಬರಿನಲ್ಲಿ ಅದು ಹೋಯಿತು. ಮಿತ್ರಿ ಹಾಕಿದ ಎರಡನೆಯದು ಐದು ವಾರಕ್ಕೆ ಹೋಯಿತು. ಮೂರನೆಯದು ಹದಿನೆಂಟೇ ದಿನಕ್ಕೆ, ಅದೂ ಮಕ್ಕಳು ಒಳಗಿದ್ದಾಗ, ನೀರಿನ ತೊಟ್ಟಿಯ ಇಳಿಜಾರು ತಿರುವಿನಲ್ಲಿ. ಚಕ್ರ ಒಮ್ಮೆಲೇ ಕಲ್ಲಿನಂತೆ ಭಾರವಾಯಿತು. ಅವಳು ಮೈಯೆಲ್ಲ ಹಾಕಿ ಎಳೆದಳು. ಕಾರು ಬಲಗಡೆಯ ಗೋಡೆಯನ್ನು ಉಜ್ಜುತ್ತ ಹೋಗಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಔನ್ ಎಂಬ ಹುಡುಗ ಮನೆಗೆ ಹೋಗಿ, "ಅಜ್ಜಾ, ಇವತ್ತು ನಮ್ಮ ಗಾಡಿ ಗೋಡೆಗೆ ಮುತ್ತು ಕೊಡ್ತು" ಅಂದ.

ಅಜ್ಜ ಹಾಜಿ ಮುಫ್ಲಿಹ್ ಕೋಲೂರಿಕೊಂಡು ನೇರ ಗ್ಯಾರೇಜಿಗೆ ಬಂದರು. ಇದು ಬಿಶಾರಾ ತಾನೇ ಕಂಡದ್ದು. ಆಗ ಅವನು ಅದೇ ಕಾರಿನ ಬಾಗಿಲಿನ ತಗ್ಗು ಎತ್ತುತ್ತಿದ್ದ.

"ಏನಪ್ಪಾ ಮಿತ್ರಿ, ಪಂಪ್ ಹಾಕ್ತಿದ್ದೀಯೋ, ಸೌತೆ ಬೀಜ ಹಾಕ್ತಿದ್ದೀಯೋ? ತಿಂಗಳಿಗೊಂದು ಬೆಳೆ ತೆಗೀತೀಯಲ್ಲ!"

"ಬನ್ನಿ ಹಾಜಿ, ಕೂತ್ಕೊಳ್ಳಿ. ಚಹಾ ಕುಡೀರಿ."

"ಚಹಾ ಬೇಡ. ಗೋಡೆ ಇದ್ದ ಕಡೆ ಆಯ್ತು, ದೇವರು ದೊಡ್ಡವನು. ಎಡಗಡೆ ಗೋಡೆ ಇಲ್ಲ, ಬರೀ ಕಣಿವೆ, ನಿನಗೂ ಗೊತ್ತು. ಇನ್ನೊಂದು ಸಲ ಅಂತ ಏನಾದ್ರೂ ಆದ್ರೆ ಐದು ಮನೆಯೋರೂ ಆ ಹೆಂಗಸಿನ ಜೊತೆ ಮಕ್ಕಳನ್ನ ಕಳಿಸೋದಿಲ್ಲ. ಅವಳಿಗೂ ಹೇಳಿದ್ದೀನಿ, ನಿನಗೂ ಹೇಳ್ತಿದ್ದೀನಿ."

ಅವರು ಹೋದ ಮೇಲೆ ಮಿತ್ರಿ ಸತ್ತ ಪಂಪನ್ನು ಬಿಚ್ಚಿ ಮೇಜಿನ ಮೇಲೆ ಹರಡಿದ. ಒಳಗಿನ ತೆಳು ಅಲಗುಗಳು ಕಾವಿಗೆ ನೀಲಿಗಟ್ಟಿದ್ದವು. ಎಣ್ಣೆ ಕಾಫಿಯ ಗಸಿಯಂತೆ ಕಪ್ಪಾಗಿ, ಸೀದ ವಾಸನೆ ಹೊಡೆಯುತ್ತಿತ್ತು. ಮೊದಲನೆಯದು ಮುದಿತನದಿಂದ ಹೋಯಿತು ಎಂದುಕೊಂಡಿದ್ದ. ಎರಡನೆಯದನ್ನು ಮೊದಲನೆಯದರ ಲೋಹದ ಪುಡಿ ಕೊಳವೆಯಲ್ಲಿ ಉಳಿದು ತಿಂದಿತು ಎಂದುಕೊಂಡು ಎಲ್ಲವನ್ನೂ ತೊಳೆದಿದ್ದ. ಹೋಸ್ ಪೈಪುಗಳನ್ನೂ ಎಣ್ಣೆಯ ಡಬ್ಬಿಯ ಜರಡಿಯನ್ನೂ ಹೊಸದಾಗಿ ಹಾಕಿದ್ದ. ಈಗ ಹೇಳಲು ಕಾರಣವೇ ಉಳಿದಿರಲಿಲ್ಲ. ಬೆಲ್ಟು ಸರಿ, ಎಣ್ಣೆ ಸರಿ, ಎಲ್ಲಿಯೂ ಸೋರಿಕೆಯಿಲ್ಲ. ನಾಲ್ಕನೆಯ ಪಂಪು ಕೂರಿಸಿ ಒಂದು ಗಂಟೆ ಎಂಜಿನ್ ಓಡಿಸಿದ. ಚಕ್ರವನ್ನು ಆ ಕಡೆಗೂ ಈ ಕಡೆಗೂ ನೂರು ಸಲ ತಿರುಗಿಸಿದ. ಬೆಕ್ಕು ಗುರುಗುಟ್ಟಿದಷ್ಟೂ ಸದ್ದಿಲ್ಲ.

"ಲೋ, ನೀಲಿ ಮಣಿ ಕಟ್ಟೋ. ಯಾರದೋ ಕಣ್ಣು ಬಿದ್ದಿದೆ," ಎಂದು ಬಿಶಾರಾ ಗೋಡೆಯಾಚೆಯಿಂದ ಕೂಗಿದ.

"ಕಣ್ಣಲ್ಲ ಕಣೋ, ಬೆಂಕಿ. ಇದನ್ನ ಯಾರೋ ಬೇಯಿಸ್ತಿದ್ದಾರೆ. ಚಳಿ ಜಾಸ್ತಿ ಆದಷ್ಟೂ ಬೇಗ ಬೇಯ್ತಿದೆ. ಚಳೀಲಿ ಬೇಯೋದು ಅಂದ್ರೇನು? ನನಗೆ ತಲೆ ಕೆಟ್ಟುಹೋಗಿದೆ."

ಆ ವಾರದ ಗುರುವಾರ ಸಂಜೆ ಉಮ್ಮು ಶುಕ್ರಿ ಕಾರು ಒಯ್ಯಲು ಬಂದಳು. ಎತ್ತರದ ಹೆಂಗಸು. ಎಂದೂ ಕುಳಿತು ಮಾತಾಡಿದವಳಲ್ಲ, ಅಂದೂ ಕುಳಿತುಕೊಳ್ಳಲಿಲ್ಲ.

"ಅಕ್ಕಾ, ಈ ಗಾಡೀನ ನೀವು ಏನು ಮಾಡ್ತೀರಿ?" ಎಂದು ಮಿತ್ರಿ ಕೇಳಿದ.

"ಗಾಡೀನ ಏನು ಮಾಡ್ತಾರೆ? ಓಡಿಸ್ತೀನಿ. ಉಪ್ಪಿನಕಾಯಿ ಅಂತೂ ಹಾಕಲ್ಲ."

"ಹಂಗಲ್ಲ. ಎಲ್ಲಿಗೆ ಹೋಗ್ತೀರಿ, ಹೆಂಗೆ ತಿರುಗಿಸ್ತೀರಿ?"

"ಶಾಲೆಗೆ ಇಳೀತೀನಿ, ಹತ್ತುತೀನಿ. ಮನೆ ಮುಂದೆ ನಿಲ್ಲಿಸ್ತೀನಿ. ನನ್ನ ಯಜಮಾನ್ರು ಹೆಂಗೆ ಇಟ್ಕೊಂಡಿದ್ರೋ ಹಂಗೇ ಇಟ್ಕೊಂಡಿದ್ದೀನಿ." ಆಮೇಲೆ ದನಿ ತಗ್ಗಿಸಿ, "ಈ ಸಲ ಸರಿಹೋಯ್ತಾ, ಉಸ್ತಾದ್?" ಅಂದಳು.

"ಹೊಸ ಪಂಪು, ಅಕ್ಕಾ."

"ಹೊಸದಾ ಅಂತ ಕೇಳ್ಲಿಲ್ಲ. ಸರಿಯಾ ಅಂತ ಕೇಳ್ದೆ."

ಮಿತ್ರಿ ಕೈಯೊರೆಸುವ ಬಟ್ಟೆಯನ್ನು ಮಡಿಸಿದ, ಮತ್ತೆ ಬಿಡಿಸಿದ.

"ಮೂರು ವರ್ಷ ನನ್ನ ಮನೇಲಿ ಬೆಳಗಾಗೋದು ಅಂದ್ರೆ ಬರೀ ಕಿಟಕಿ ಬೆಳ್ಳಗಾಗೋದು," ಎಂದಳು ಅವಳು. "ಈಗ ಐದು ಬಾಗಿಲು ತಟ್ಟಬೇಕು ಅಂತ ಏಳ್ತೀನಿ. ಅಷ್ಟೇ ನಾನು ಹೇಳೋದು." ಬೀಗದ ಕೈ ತೆಗೆದುಕೊಂಡು ಹೊರಟಳು.

ಶುಕ್ರವಾರ, ಶನಿವಾರ ಶಾಲೆಗೆ ರಜೆ. ಆ ಎರಡು ದಿನ ಮಿತ್ರಿ ಊಟಕ್ಕೆ ಕುಳಿತು ರೊಟ್ಟಿ ಮುರಿದು ಹಾಗೇ ಬಿಟ್ಟು ಏಳುತ್ತಿದ್ದ ಎಂದು ಅವನ ಹೆಂಡತಿ ಬಿಶಾರಾನ ಹೆಂಡತಿಗೆ ಹೇಳಿದ್ದಾಳೆ. ಕಣ್ಣು ಮುಚ್ಚಿದರೆ ನೀರಿನ ತೊಟ್ಟಿಯ ತಿರುವಿನ ಎಡಗಡೆ ಕಾಣುತ್ತಿತ್ತಂತೆ. ಭಾನುವಾರ ಬೆಳಗ್ಗೆ ಚರ್ಚಿನ ಗಂಟೆ ಕೇಳಿಸುವ ಮೊದಲೇ ಅವನು ಕೋಟು ತೊಟ್ಟು ಮೇಲಣ ಓಣಿಗೆ ಹೊರಟ. ಮಕ್ಕಳು ಹತ್ತುವ ಮುಂಚೆ ಆ ಕಾರಿನಲ್ಲಿ ತಾನು ಒಮ್ಮೆ ತಿರುವು ಇಳಿದು ನೋಡಬೇಕು. ಅಷ್ಟೇ ಅವನ ಮನಸ್ಸಿನಲ್ಲಿ ಇದ್ದದ್ದು.

ಇನ್ನು ಮುಂದಿನದನ್ನು ಮಿತ್ರಿ ಬಿಶಾರಾನಿಗೆ ಹೇಳಿದ. ಬಿಶಾರಾ ನಮಗೆ ಹೇಳಿದ.

ಓಣಿಯ ಮೂಲೆ ತಿರುಗುವ ಮುನ್ನವೇ ಸದ್ದು ಕೇಳಿಸಿತು. ಕಟ್ಟಿಹಾಕಿದ ಕರು ನರಳಿದಂತೆ ಉದ್ದನೆಯ, ಏರುದನಿಯ ಕೊರಗು. ಓಡಿದ. ಕಾರು ಇಳಿಜಾರಿಗೆ ಮುಖಮಾಡಿ ನಿಂತಿತ್ತು. ಎಂಜಿನ್ ಓಡುತ್ತಿತ್ತು, ಒಳಗೆ ಯಾರೂ ಇರಲಿಲ್ಲ, ನಾಲ್ಕು ಬಾಗಿಲಿಗೂ ಬೀಗ. ಮುಂದಿನ ಗಾಲಿಗಳು ಬಲಕ್ಕೆ ಪೂರ್ತಿ ತಿರುಗಿ ದಾರಿಯಂಚಿನ ಕಲ್ಲಿಗೆ ಒತ್ತಿಕೊಂಡಿದ್ದವು. ಗಾಜಿನಿಂದ ಇಣುಕಿದ. ಸ್ಟೀರಿಂಗ್ ಚಕ್ರದಿಂದ ಸೀಟಿನ ಕೆಳಗಿನ ಕಬ್ಬಿಣಕ್ಕೆ ಬಟ್ಟೆ ಒಣಗಿಸುವ ಹಗ್ಗವೊಂದನ್ನು ಮೂರು ಸುತ್ತು ಸುತ್ತಿ, ವೀಣೆಯ ತಂತಿಯಂತೆ ಬಿಗಿದು ಗಂಟು ಹಾಕಲಾಗಿತ್ತು.

ಅವನಿಗೆ ಎಲ್ಲವೂ ಒಟ್ಟಿಗೇ ಹೊಳೆಯಿತು. ಕೈಗೆ ಮಾತ್ರ ಏನೂ ಸಿಗಲಿಲ್ಲ. ಚಾಲೂ ಮಾಡಿದ ಬೀಗದ ಕೈ ಒಳಗೇ ಇತ್ತು, ಬಾಗಿಲು ತೆರೆಯುವ ಇನ್ನೊಂದು ಅವಳ ಹತ್ತಿರ. ಗಾಜು ಒಡೆಯೋಣವೆಂದರೆ ಮಕ್ಕಳು ಕೂರುವ ಸೀಟು. ಕಾರಿನ ಮುಂದೆ ನಿಂತು, "ಉಮ್ಮು ಶುಕ್ರಿ! ಅಕ್ಕಾ!" ಎಂದು ಮೆಟ್ಟಿಲುಗಳ ಕಡೆಗೆ ಕೂಗಿದ. ಎಲ್ಲೋ ಮೇಲೆ ಬಾಗಿಲು ತಟ್ಟುವ ಸದ್ದು. ಒಂದು ಮನೆ, ಇನ್ನೊಂದು ಮನೆ. ಪಂಪು ನರಳುತ್ತಲೇ ಇತ್ತು. ಒಂದೊಂದು ನಿಮಿಷವೂ ಆ ನೀಲಿಗಟ್ಟಿದ ಅಲಗುಗಳು ಅವನ ಕಣ್ಣ ಮುಂದೆ ಬರುತ್ತಿದ್ದವು.

ಕೊನೆಗೆ ಅವಳು ಐದು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಇಳಿದು ಬಂದಳು.

"ಏನು ಉಸ್ತಾದ್, ಬೆಳಬೆಳಗ್ಗೆ ನನ್ನ ಗಾಡಿ ಕದಿಯೋಕೆ ಬಂದ್ಯಾ?"

"ಎಷ್ಟು ಹೊತ್ತಾಯ್ತು ಇದನ್ನ ಚಾಲೂ ಮಾಡಿ?"

"ಕಾಲು ಗಂಟೆ ಇರಬಹುದು. ಡೀಸೆಲ್ ಗಾಡಿ, ಬಿಸಿ ಆಗಬೇಡ್ವಾ? ಮಕ್ಕಳು ಕೂರೋ ಹೊತ್ತಿಗೆ ಒಳಗೆ ಬೆಚ್ಚಗಿರ್ಲಿ ಅಂತ. ಹಿಮ ಬಿದ್ದ ವಾರ ಅರ್ಧ ಗಂಟೆ ಬಿಡ್ತಿದ್ದೆ."

"ಹಗ್ಗ?"

ಅವಳು ಮಕ್ಕಳ ಕಡೆ ಒಮ್ಮೆ ನೋಡಿದಳು. "ಶುಕ್ರಿ ಚಿಕ್ಕವನಾಗಿದ್ದಾಗ ಇದೇ ಗಾಡಿ ಇಲ್ಲಿಂದ ತಾನಾಗೇ ಉರುಳಿತ್ತು. ಹ್ಯಾಂಡ್ ಬ್ರೇಕ್ ಹಾಕಿತ್ತು, ಆದ್ರೂ ಉರುಳ್ತು. ಕೆಳಗಿನ ಮನೆ ಹೊಸ್ತಿಲ ಮೇಲೆ ಒಂದು ಮಗು ಆಡ್ತಿತ್ತು. ಮಗುವಿಗೂ ಗಾಡಿಗೂ ಒಂದು ಗೇಣು ಉಳೀತು. ಆವತ್ತಿಂದ ಯಜಮಾನ್ರು ಗಾಲಿ ಕಲ್ಲಿಗೆ ಕೊಟ್ಟು ಹಗ್ಗ ಕಟ್ಟದೆ ಒಂದು ರಾತ್ರೀನೂ ಮಲಗಿದೋರಲ್ಲ. ನಾನೂ ಕಟ್ತೀನಿ."

"ಅವರು ಬೆಳಗ್ಗೆ ಮೊದಲು ಹಗ್ಗ ಬಿಚ್ತಿದ್ರೋ, ಮೊದಲು ಎಂಜಿನ್ ಚಾಲೂ ಮಾಡ್ತಿದ್ರೋ?"

"ಕೂತ್ಕೊಂಡು, ಬಿಚ್ಚಿ, ಆಮೇಲೆ ಚಾಲೂ ಮಾಡಿ ಹೊರಡೋರು," ಎಂದಳು. "ಅವರು ಗಾಡಿ ಚಾಲೂ ಇಟ್ಟು ಎಲ್ಲೂ ಹೋಗ್ತಿರಲಿಲ್ಲ. ಅವರಿಗೆ ಬಾಗಿಲು ತಟ್ಟೋ ಕೆಲಸ ಇರಲಿಲ್ಲ."

"ಒಳಗೆ ಕೂತ್ಕೊಳ್ಳಿ. ಬ್ರೇಕ್ ಒತ್ತಿ. ಒತ್ತಿದ್ರಾ? ಈಗ ಹಗ್ಗ ಬಿಚ್ಚಿ."

ಮಿತ್ರಿ ಕಾರಿನ ಮುಂದಿನಿಂದ ಸರಿದು ಮಕ್ಕಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ. ಚಳಿಗೆ ಮರಗಟ್ಟಿದ ಬೆರಳುಗಳಿಂದ ಅವಳು ಗಂಟಿನೊಡನೆ ಬಹಳ ಹೊತ್ತು ಗುದ್ದಾಡಿದಳು. ಹಗ್ಗ ಸಡಿಲವಾಯಿತು. ನರಳಾಟ ಅಲ್ಲಿಗೇ ನಿಂತುಹೋಯಿತು. ಉಳಿದದ್ದು ಎಂಜಿನ್ನಿನ ಗುಡುಗುಡು ಮಾತ್ರ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಳು ನಿಲ್ಲಿಸ್ತು!" ಎಂದ ಔನ್.

ಮಿತ್ರಿ ಎಂಜಿನ್ ಆರಿಸಲು ಹೇಳಿ, ಬಾನೆಟ್ ಎತ್ತಿ, ಅವಳ ಕೈಹಿಡಿದು ಎಣ್ಣೆಯ ಡಬ್ಬಿಯ ಹತ್ತಿರ ಒಯ್ದ. ಬೆರಳು ತಾಗಿಸಿದವಳು ಸರಕ್ಕನೆ ಹಿಂದೆಗೆದಳು.

"ಗಾಡಿ ಒಂದು ಮೊಳಾನೂ ಹೋಗಿಲ್ಲ, ನೋಡಿ," ಎಂದ ಅವನು. "ಮುಚ್ಚಿದ ಬಾಗಿಲಿಗೆ ಹೆಗಲು ಕೊಟ್ಟು ಕಾಲು ಗಂಟೆ ನೂಕಿದ್ರೆ ಮನುಷ್ಯ ಏನಾಗ್ತಾನೆ? ನೀವು ಹಗ್ಗ ಎಳೆದು ಕಟ್ಟಿದ್ದೀರಿ. ಗಾಲಿ ತಿರುಗಿಸು ಅಂತ ಅದು ಪಂಪಿಗೆ ಹೇಳ್ತಾನೇ ಇದೆ. ಕಲ್ಲು ಬಿಡಲ್ಲ. ಎಣ್ಣೆಗೆ ಹೋಗೋಕೆ ದಾರಿ ಇಲ್ಲ, ಬೇಯುತ್ತೆ. ನಾನು ಗ್ಯಾರೇಜಲ್ಲಿ ಓಡೋ ಗಾಡೀನೇ ನೋಡಿದೆ, ಅಕ್ಕಾ. ನಿಂತ ಗಾಡಿ ವಿಷಯ ಕೇಳಲೇ ಇಲ್ಲ. ತಪ್ಪು ನನ್ನದೂ ಇದೆ."

ಉಮ್ಮು ಶುಕ್ರಿ ಸುಟ್ಟ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: "ಈ ಪಂಪು ಬದುಕಿದ್ಯಾ, ಸತ್ತಿದ್ಯಾ?"

"ಒಂದು ದಿನ ಬೆಂದಿದೆ. ಬದುಕಿರಬೇಕು."

"ಆಣೆ ಮಾಡ್ತೀಯಾ?"

"ಇಲ್ಲ."

ಅವಳು ಕಾರಿಗೆ ಬೀಗ ಹಾಕಿ, ಬೀಗದ ಕೈಯನ್ನು ಮಿತ್ರಿಗೆ ಕೊಟ್ಟಳು. ಆ ದಿನ ಐವರನ್ನೂ ನಡೆಸಿಕೊಂಡೇ ಶಾಲೆಗೆ ಬಿಟ್ಟು ಬಂದಳು. ಮಿತ್ರಿ ಅಲ್ಲಿಯೇ ಎಣ್ಣೆ ಬದಲಿಸಿ, ಖಾಲಿ ಕಾರನ್ನು ತಿರುವಿನಲ್ಲಿ ಹತ್ತು ಸಲ ಇಳಿಸಿ ಹತ್ತಿಸಿದ. ಸಂಜೆ ಅವಳು ಐದು ಮನೆಗಳಿಗೂ ತಾನೇ ಹೋದಳು. ಪಂಪು ಸಾಯುತ್ತಿದ್ದದ್ದು ತನ್ನ ಹಗ್ಗದಿಂದ, ಮೆಕ್ಯಾನಿಕ್‌ನಿಂದಲ್ಲ ಎಂದು ಪ್ರತಿ ಹೊಸ್ತಿಲಲ್ಲಿ ನಿಂತು ಹೇಳಿದಳು. "ನಾಳೆಯಿಂದ ಗಾಡಿ ಬಿಟ್ಟು ಬಾಗಿಲು ತಟ್ಟೋಕೆ ನಾನು ಬರೋಲ್ಲ. ಬ್ರೇಕ್ ಮೇಲೆ ಕಾಲಿಟ್ಟು ಒಳಗೇ ಕೂತಿರ್ತೀನಿ. ಕಳಿಸೋ ಮನಸ್ಸಿದ್ದೋರು ಏಳು ಗಂಟೆಗೆ ಕಳಿಸಿ." ಕೆಲವರು ದೇವರು ಒಳ್ಳೇದು ಮಾಡಲಿ ಅಂದರು. ಹಾಜಿ ಮುಫ್ಲಿಹ್ ಬಾಗಿಲು ಹಾಕಿಕೊಂಡರು.

ಸೋಮವಾರ ಬೆಳಗ್ಗೆ ಅವಳು ಕಾರಿನಲ್ಲಿ ಕುಳಿತು ಹಗ್ಗ ಬಿಚ್ಚಿದಳು, ಆಮೇಲೆ ಎಂಜಿನ್ ಚಾಲೂ ಮಾಡಿದಳು. ಬ್ರೇಕನ್ನು ಎರಡೂ ಕಾಲುಗಳಿಂದ ಒತ್ತಿ ಹಿಡಿದಳು. ಹಗ್ಗವಿಲ್ಲದ ಕಾರಿನಲ್ಲಿ, ಎಂಜಿನ್ ಓಡುತ್ತಿರುವಾಗ, ಆ ಇಳಿಜಾರಿನಲ್ಲಿ ಅಷ್ಟು ಹೊತ್ತು ಅವಳು ಎಂದೂ ಕುಳಿತಿರಲಿಲ್ಲ. ಏಳು ಗಂಟೆಯಾಯಿತು. ಮೆಟ್ಟಿಲ ಮೇಲೆ ಯಾರೂ ಇಲ್ಲ. ಏಳೂ ಐದಕ್ಕೆ ಇಬ್ಬರು ಅಕ್ಕತಂಗಿಯರು ಬಂದರು. ಆಮೇಲೆ ಒಬ್ಬ. ಮತ್ತೊಬ್ಬಳು ರೊಟ್ಟಿ ಅಗಿಯುತ್ತ ಬಂದಳು. ಔನ್ ಬರಲಿಲ್ಲ. ಏಳೂಕಾಲಿಗೆ ಕೋಲಿನ ಸದ್ದು ಕೇಳಿಸಿತು. ಹಾಜಿ ಮುಫ್ಲಿಹ್ ಮೊಮ್ಮಗನನ್ನು ಹಿಂದೆ ಕೂರಿಸಿ, ತಾವು ಮುಂದಿನ ಬಾಗಿಲು ತೆಗೆದು ಹತ್ತಿದರು.

"ಹೊರಡಮ್ಮ. ಇವತ್ತು ನಾನೂ ಶಾಲೆಗೆ ಬರ್ತೀನಿ."

"ಪಾಟಿ ತಂದಿದ್ದೀರಾ, ಹಾಜಿ?"

"ರಸ್ತೆ ನೋಡು."

ತೊಟ್ಟಿಯ ತಿರುವು ಬಂತು. ಚಕ್ರ ಒಂದೇ ಕೈಗೆ ತಿರುಗಿತು. ಶಾಲೆಯ ಬಾಗಿಲಲ್ಲಿ ಹಾಜಿ ಇಳಿದು, ಕೋಲೂರಿಕೊಂಡು ನಡೆದೇ ಏರು ಹತ್ತಿ ಮನೆಗೆ ಹೋದರು. ಮಂಗಳವಾರ ಔನ್ ಒಬ್ಬನೇ ಮೆಟ್ಟಿಲಿಳಿದು ಬಂದ, ಏಳು ಗಂಟೆಗೆ ಎರಡು ನಿಮಿಷ ಮುಂಚೆ.

ಬಿಶಾರಾ ಇಲ್ಲಿಗೆ ನಿಲ್ಲಿಸಿದ. ಆ ಪಂಪು ಇನ್ನೂ ಇದೆಯೇ ಎಂದು ನಮ್ಮಲ್ಲೊಬ್ಬರು ಕೇಳಿದರು. "ಆಮೇಲೆ ಆ ಗಾಡಿ ನನ್ನ ಹತ್ತಿರ ಬಂದಿಲ್ಲ. ಬರದೆ ಇರೋದೇ ಸುದ್ದಿ," ಎಂದ. ಅಷ್ಟರಲ್ಲಿ ಮಸೀದಿಯಿಂದ ಅಸರ್, ಎಂದರೆ ಇಳಿಹೊತ್ತಿನ ನಮಾಜಿನ, ಕರೆ ಕೇಳಿಸಿತು. ಒಬ್ಬರು ಲೋಟಗಳನ್ನು ತೊಳೆದಿಟ್ಟರು. ಬಿಶಾರಾ ಒಲೆಯ ಬತ್ತಿ ತಗ್ಗಿಸಿದ. ನಾವು ಕೋಟಿನ ಗುಂಡಿ ಹಾಕಿಕೊಂಡು ಎದ್ದು, ಕೆಲವರು ಏರಿನ ಕಡೆಗೆ, ಕೆಲವರು ಇಳಿಜಾರಿನ ಕಡೆಗೆ, ಮನೆಗಳಿಗೆ ಹೊರಟೆವು.