ಇಳಿಜಾರಿನಲ್ಲೂ ಓಡಬೇಕು

"ಇಳಿ ಬೇವರ್ಸಿ! ಯಾರನ್ನು ಕೇಳಿ ಕಾಲಿಟ್ಟದ್ದು ನೀನು?"

ಕೃಷ್ಣಮೋಹನನ ಬೆತ್ತದ ತುದಿ ಸೀನನ ಪಕ್ಕೆಗೆ ಚುಚ್ಚಿತು. ಅವನು ಟ್ರಾಲಿಯ ಹಿಂದಿನ ಹಲಗೆಯಿಂದ ಜಲ್ಲಿಯ ಮೇಲೆ ಬಿದ್ದ. ಎದ್ದು ಮತ್ತೆ ಹಳಿಯ ಮೇಲೆ ಓಡತೊಡಗಿದ.

ಟ್ರಾಲಿ ಎಂದರೆ ನಾಲ್ಕು ಚಕ್ರದ ಮೇಲೊಂದು ಹಲಗೆ, ಹಲಗೆಯ ಮೇಲೊಂದು ಕುರ್ಚಿ, ಅದಕ್ಕೊಂದು ದೊಡ್ಡ ಕೊಡೆ. ಕೊಡೆಯಡಿಯಲ್ಲಿ ಹಳಿ ನೋಡುವ ಇನ್ಸ್‌ಪೆಕ್ಟರ್ ಕೃಷ್ಣಮೋಹನ. ಹಿಂದೆ ಬರಿಗಾಲಲ್ಲಿ ಹಳಿಯ ಮೇಲೆ ಓಡುತ್ತಾ ನೂಕುವವರು ತ್ಯಾಂಪಣ್ಣ, ಅದ್ರಾಮ, ಸೀನ. ಏರಿನಲ್ಲಿ ಮೂವರೂ ನೂಕಬೇಕು. ಇಳಿಜಾರು ಬಂದರೆ ನೂಕುವವರು ಹಿಂದಿನ ಹಲಗೆಗೆ ಹಾರಿ ಕುಳಿತು ಉಸಿರು ಬಿಡುವುದು ಎಲ್ಲ ಕಡೆಯ ರೂಢಿ. ಈ ಟ್ರಾಲಿಯಲ್ಲಿ ಆ ರೂಢಿ ಇಬ್ಬರಿಗೆ ಮಾತ್ರ. ಸೀನ ಇಳಿಜಾರಿನಲ್ಲೂ ಓಡಬೇಕು. ಅವನು ನೂಕಿದರೆ ಆಗದ ಮೈಲಿಗೆ ಅವನು ಕೂತರೆ ಆಗುತ್ತಿತ್ತು.

ಕೋಡಿಂಬಾಳ ಸ್ಟೇಷನ್ ದಾಟಿದ ಮೇಲಿನ ತಿರುವಿನಲ್ಲಿ ಹೆಂಗಸರು ಹಳಿಗೆ ಜಲ್ಲಿ ಹೊರುತ್ತಿದ್ದರು. ಅವರಲ್ಲಿ ಸೀನನ ತಾಯಿ ಚೆನ್ನು ಇದ್ದಳು. ಕೃಷ್ಣಮೋಹನ ಬೇಕೆಂದೇ ಅಲ್ಲಿ ಟ್ರಾಲಿ ನಿಲ್ಲಿಸಿದ.

"ಏ ಚೆನ್ನು, ನಿನ್ನ ಮಗನಿಗೆ ಕಾಲು ಸುಡುದಂತೆ ಮಾರಾಯ್ತಿ. ಒಂದು ಕಾರು ತೆಗೆದು ಕೊಡು."

ಯಾರೂ ನಗಲಿಲ್ಲ. ಚೆನ್ನು ಬುಟ್ಟಿ ಇಳಿಸಿ, ಮಗನನ್ನು ಹಳಿ ಪಕ್ಕದ ದರೆಯ ನೆರಳಿನಲ್ಲಿ ಕೂರಿಸಿ, ಅವನ ಪಾದವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಗುಳ್ಳೆಗಳು ಒಡೆದು ಚರ್ಮ ಹಾಳೆಯ ಹಾಗೆ ಸುಲಿದಿತ್ತು. ಕುಡಿಯಲು ತಂದ ನೀರನ್ನು ಅವಳು ನಿಧಾನವಾಗಿ ಹೊಯ್ದಳು.

"ಉರೀತದಾ ಮಗಾ?"

"ಇಲ್ಲಮ್ಮ."

ಚಿಕ್ಕಂದಿನಲ್ಲಿ ಚೇಳು ಕಚ್ಚಿದಾಗಲೂ ಅವನು ಇಲ್ಲವೆಂದೇ ಹೇಳಿದ್ದ. ಅವಳು ಸೆರಗಿನ ಅಂಚು ಹರಿದು ಪಾದಕ್ಕೆ ಸುತ್ತಿದಳು.

ಚೆನ್ನುವಿನ ಹಿರಿಯರೆಲ್ಲ ಕೃಷ್ಣಮೋಹನನ ಗುತ್ತಿನ ಮನೆಯ ಮೂಲದಾಳುಗಳು, ತಲೆತಲಾಂತರದಿಂದ ಆ ಜಮೀನ್ದಾರರ ಜೀತಕ್ಕೆ ಬಿದ್ದವರು. ಭೂಮಿಯ ಕಾನೂನು ಬಂದಾಗ ಗೇಣಿ ಕೊಡುವ ಒಕ್ಕಲುಗಳಿಗೆ ಗದ್ದೆ ಸಿಕ್ಕಿತು. ಗದ್ದೆ ಉತ್ತ ಮೂಲದಾಳುಗಳಿಗೆ ಏನೂ ಸಿಗಲಿಲ್ಲ. ಆಮೇಲೆ ರೈಲಿನ ಕೆಲಸ ಬಂತು. "ರೈಲಿಗೆ ಧನಿ ಇಲ್ಲ ಮಗಾ, ಅದು ಸರ್ಕಾರದ್ದು" ಎಂದು ಅವಳೇ ಮಗನನ್ನು ಕಳಿಸಿದ್ದಳು. ಮರುವರ್ಷ ಧನಿಯ ಮಗನೇ ಇನ್ಸ್‌ಪೆಕ್ಟರಾಗಿ ಬಂದ. ಈ ತಿಂಗಳು ಕೂಲಿಯವರನ್ನು ಪರ್ಮನೆಂಟ್ ಮಾಡುವವರಿದ್ದರು. ಹೆಸರು ಕಳಿಸಬೇಕಾದವನು ಅವನು.

"ಬಟ್ಟೆ ಕಟ್ಟಿ ಆಯ್ತಾ? ಇನ್ನು ಮನೆಗೆ ಕರ್ಕೊಂಡು ಹೋಗು. ಇವನ ಹೆಸರು ನಾನು ಕಳಿಸುದಿಲ್ಲ."

"ಹಾಗೆ ಹೇಳ್ಬೇಡಿ ಧನಿ. ಎಷ್ಟು ಮಳೆಗಾಲ ಓಡಿದ್ದಾನೆ ಅವನು! ನಿಮ್ಮ ಕಾಲಿಗೆ ಬೀಳ್ತೇನೆ."

"ಬೀಳುದಾದ್ರೆ ದೂರದಿಂದ ಬೀಳು."

ಅವಳು ಜಲ್ಲಿಯ ಮೇಲೆ ಹಣೆಯಿಟ್ಟಳು. ಏಳುವಾಗ ಹಣೆಯಲ್ಲಿ ಕಲ್ಲಿನ ಗುರುತಿತ್ತು.

"ಒಕ್ಕಲುಗಳು ಗದ್ದೆ ನುಂಗಿದ್ರು. ಇನ್ನು ನೀವು ನನ್ನ ಬೆನ್ನ ಹಿಂದೆ ಕೂತು ಸವಾರಿ ಮಾಡುದಾ? ಸೀನ, ಈ ಟ್ರಾಲಿಗೆ ಇನ್ನು ನಿನ್ನ ಕೈ ತಾಗಬಾರದು. ತಿಳೀತಾ?"

ಆಗ ಸುಬ್ರಹ್ಮಣ್ಯದ ಕಡೆಯಿಂದ ಎಂಜಿನ್ ಕೂಗಿತು. ಸ್ಟೇಷನ್ನಿನಲ್ಲಿ ಹೇಳಿದ ಹೊತ್ತಿಗಿಂತ ಮೊದಲೇ ಗೂಡ್ಸ್ ಗಾಡಿ ಘಟ್ಟ ಇಳಿದು ಬರುತ್ತಿತ್ತು. ಟ್ರಾಲಿ ಹಳಿಯ ಮೇಲಿತ್ತು. ಗಾಡಿ ಅದಕ್ಕೆ ಹೊಡೆದರೆ ಇನ್ಸ್‌ಪೆಕ್ಟರನ ನೌಕರಿ ಉಳಿಯುವುದಿಲ್ಲ ಎಂಬುದು ಜಲ್ಲಿ ಹೊರುವವರಿಗೂ ಗೊತ್ತು.

"ಎತ್ತಿ! ಹಳಿಯಿಂದ ಬೇಗ ಎತ್ತಿ ಬದಿಗಿಡಿ!"

ತ್ಯಾಂಪಣ್ಣ, ಅದ್ರಾಮ ಎರಡು ಕಡೆ ಹಿಡಿದರು. ಟ್ರಾಲಿ ಅಲುಗಿತು, ಏಳಲಿಲ್ಲ.

"ಇನ್ನೊಂದು ಜನ ಬೇಕು ಸ್ವಾಮಿ," ಎಂದ ಅದ್ರಾಮ.

"ಏ ಸೀನ! ಬಾ, ಹಿಡಿ!"

ಸೀನ ಎದ್ದ. ಚೆನ್ನು ಅವನ ರಟ್ಟೆ ಹಿಡಿದು ಕೂರಿಸಿದಳು.

ಕೃಷ್ಣಮೋಹನ ತಾನೇ ಬಗ್ಗಿ ಹಲಗೆಗೆ ಕೈ ಹಾಕಿದ. ತ್ಯಾಂಪಣ್ಣ ಚೆನ್ನುವಿನ ಹಣೆ ನೋಡಿದ. ಮೆಲ್ಲಗೆ ಕೈ ಬಿಟ್ಟು ಹಿಂದೆ ಸರಿದ. ಅದ್ರಾಮನೂ ಬಿಟ್ಟ, ಅಂಗೈಯನ್ನು ಉಟ್ಟ ಮುಂಡಿಗೆ ಒರೆಸಿಕೊಂಡ.

"ಕೈ ಬೆವರ್ತಾ ಉಂಟು ಸ್ವಾಮಿ. ಜಾರ್ತದೆ."

"ನಾಯಿಗಳೇ! ಚೆನ್ನು, ನೀನಾದ್ರೂ ಹೇಳು ಮಾರಾಯ್ತಿ! ಇವತ್ತೇ ಹೆಸರು ಕಳಿಸ್ತೇನೆ. ದೈವದಾಣೆ, ಪರ್ಮನೆಂಟ್ ಮಾಡಿಸ್ತೇನೆ!"

ಚೆನ್ನು ಎದ್ದು ಬಂದಳು. ಅವನಿಗೆ ಜೀವ ಬಂದಂತಾಯಿತು.

"ಹೆಸರು ಕಳಿಸ್ತೀರಿ ಧನಿ. ನಾಳೆ ಪುನಃ ಓಡಿಸ್ತೀರಿ."

ಅವಳು ಹಲಗೆಯ ಮೇಲೆ ಕಾಲಿಟ್ಟು ಹತ್ತಿದಳು. ಕೊಡೆಯಡಿಯ ಕುರ್ಚಿಯಲ್ಲಿ ಕುಳಿತಳು.

"ಅಯ್ಯೋ ಚೆನ್ನಕ್ಕ, ಹುಚ್ಚಾ ನಿಂಗೆ? ಇಳಿ!" ಹೆಂಗಸರು ಚೀರಿದರು. "ಅಮ್ಮಾ!" ಎಂದು ಸೀನ ಓಡಿಬಂದ.

"ನೀನು ಮುಟ್ಬೇಡ ಮಗಾ. ಆಚೆ ನಿಲ್ಲು. ಕಾಲಿನ ಬಟ್ಟೆ ಬಿಚ್ಚೀತು." ಪಾದಕ್ಕೆ ನೀರು ಹೊಯ್ಯುವಾಗಿನಷ್ಟೇ ಮೆದುವಾಗಿತ್ತು ಅವಳ ದನಿ. ಆಮೇಲೆ ಕೆಳಗೆ ನೋಡಿದಳು. "ಎತ್ತಿ ಧನಿ. ನನ್ನನ್ನೂ ಸೇರಿಸಿ ಎತ್ತಿ."

ಹಳಿ ಗುಂಯ್‌ಗುಟ್ಟತೊಡಗಿತು. ತಿರುವಿನಲ್ಲಿ ಎಂಜಿನ್ನಿನ ಮೂತಿ ಕಂಡಿತು. ಬ್ರೇಕ್ ಬಿದ್ದ ಚಕ್ರಗಳು ಕಿರುಚುತ್ತಿದ್ದವು, ಗಾಡಿ ಮಾತ್ರ ಬರುತ್ತಲೇ ಇತ್ತು. ಕೃಷ್ಣಮೋಹನ ಮೊಣಕಾಲೂರಿ ಹಲಗೆಯ ಅಡಿಗೆ ಹೆಗಲು ಕೊಟ್ಟ. ಜಲ್ಲಿಯ ಧೂಳು ಮೆತ್ತಿದ ಚೆನ್ನುವಿನ ಪಾದಗಳು ಅವನ ತಲೆಗೆ ತಾಗುತ್ತಿದ್ದವು. ಅವಳು ಅವನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.